ಒಂದು ಪಾಠ ಊರಿಂದೂರಿಗೆ ನಡೆದದ್ದು

(ಮಹಿಳಾ ಸ್ವಸಹಾಯ ಸಂಘಗಳ ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ)



ಈಗ ತಾನೇ ಒಬ್ಬ ತಾಯಿ ಕೇಳಿದರು, "ನಮ್ಮೂರಲ್ಲಿ ಹತ್ತು ಹೆಂಗಸರು ಕೂಗಿದರೆ ಪಕ್ಕದೂರಿಗೂ ಕೇಳಿಸೋದಿಲ್ಲ, ಏನು ಪ್ರಯೋಜನ?" ಅಂತ. ಬರೆದು ತಂದ ಭಾಷಣ ಬದಿಗಿಟ್ಟು ಈ ಪ್ರಶ್ನೆಗೇ ಉತ್ತರ ಹುಡುಕೋಣ.

1989ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ಶುರುವಾಯಿತು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಮತ್ತು ಜಿಲ್ಲಾಡಳಿತ ಕೈಗೂಡಿಸಿ ಮಾಡಿದ ಕೆಲಸ. ಸಾವಿರಾರು ಮಂದಿ ಸಂಬಳವಿಲ್ಲದೆ ಅಕ್ಷರ ಕಲಿಸಿದರು. 1990ರ ಫೆಬ್ರವರಿಯಲ್ಲಿ ಅದು ದೇಶದ ಮೊದಲ ಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಣೆಯಾಯಿತು. ಅದೇ ವರ್ಷ ಭಾರತ ಜ್ಞಾನ ವಿಜ್ಞಾನ ಜಾಥಾ ಹಾಡು, ಬೀದಿನಾಟಕ ಹೊತ್ತುಕೊಂಡು ದೇಶದ ಊರೂರಿಗೆ ಹೊರಟಿತು. ಸರ್ಕಾರಿ ಸುತ್ತೋಲೆ ಕಚೇರಿವರೆಗೆ ಮಾತ್ರ ಬರುತ್ತದೆ, ಹಾಡಾದರೆ ಬಾವಿಕಟ್ಟೆವರೆಗೂ ಬರುತ್ತದೆ.

ಆದರೆ ಎರ್ನಾಕುಲಂನಲ್ಲಿ ಆದದ್ದೇ ಬೇರೆ ಕಡೆ ಆಗಲಿಲ್ಲ. ತಮಿಳುನಾಡಿನ ಪುದುಕೋಟೆಯಲ್ಲಿ ಹೆಂಗಸರು ಅಕ್ಷರದ ಜೊತೆಗೆ ಸೈಕಲ್ ಕಲಿತರು. ಕಲ್ಲುಕ್ವಾರಿಯ ಕೂಲಿಯವರೂ ಕಲಿತರು. ಗೇಲಿ ಮಾಡಿದವರು ಇರಲಿಲ್ಲವೇ? ಇದ್ದರು. ಇವರು ಬೆಲ್ ಹೊಡೆದು ಮುಂದೆ ಹೋದರು.

ಆಂಧ್ರದ ನೆಲ್ಲೂರು ಜಿಲ್ಲೆಯದು ಇನ್ನೊಂದು ಕಥೆ. ಅಲ್ಲಿನ ಪಾಠಪುಸ್ತಕದಲ್ಲಿ ಕುಡುಕ ಗಂಡನಿಂದ ನೊಂದ ಸೀತಮ್ಮ ಎಂಬವಳ ಕಥೆಯಿತ್ತು. ರಾತ್ರಿ ದೀಪದ ಮುಂದೆ ಕೂಡಿಸಿ ಕೂಡಿಸಿ ಓದುತ್ತಿದ್ದವರಿಗೆ ಅದು ಪಾಠವಾಗಿ ಕಾಣಲಿಲ್ಲ, ತಮ್ಮ ಮನೆಯಾಗಿ ಕಂಡಿತು. ಕೂಲಿ ದುಡ್ಡು ಸಾರಾಯಿಗೆ, ಕೇಳಿದರೆ ಹೊಡೆತ. ದೂಬಗುಂಟ ಎಂಬ ಹಳ್ಳಿಯಲ್ಲಿ ರೋಶಮ್ಮ ಮತ್ತು ಜೊತೆಗಾರ್ತಿಯರು ಸಾರಾಯಿ ಅಂಗಡಿ ಮುಚ್ಚಿಸಿದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಮೇಲಿನ ಸಂಗತಿ. ಆ ಗೆಲುವೇ ಮುಂದಿನ ಪುಸ್ತಕದಲ್ಲಿ 'ಹೆಂಗಸರು ಒಂದಾದರೆ' ಎಂಬ ಪಾಠವಾಯಿತು. ಬೇರೆ ಹಳ್ಳಿಯವರು ಅದನ್ನು ಓದಿ, ಅವರಿಂದಾದದ್ದು ನಮ್ಮಿಂದ ಯಾಕಾಗದು ಎಂದು ಎದ್ದರು. 1992ರಲ್ಲಿ ಜಿಲ್ಲೆಯ ಸಾರಾಯಿ ಹರಾಜನ್ನೇ ಮತ್ತೆ ಮತ್ತೆ ಮುಂದೂಡಬೇಕಾಯಿತು. 1993ರ ಅಕ್ಟೋಬರಿನಲ್ಲಿ ಇಡೀ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. ಉಳಿದ ಕಾಸಿನಲ್ಲಿ ದಿನಕ್ಕೊಂದು ರೂಪಾಯಿ ಕೂಡಿಡಲು ಅದೇ ಜಿಲ್ಲೆಯ ಹೆಂಗಸರು ಗುಂಪು ಕಟ್ಟಿದರು. ಆ ಗುಂಪುಗಳ ಹೆಸರು ಪೊದುಪು ಲಕ್ಷ್ಮಿ. ನಮ್ಮ ಸಂಘಗಳಿಗೆ ಅವರು ಅಕ್ಕನ ಸಮಾನ.

ಒಂದು ಮಾತು ಮರೆಮಾಚಬಾರದು. ಊರಿಂದೂರಿಗೆ ಹೋಗುವಾಗ ಚಳವಳಿ ಹೆಂಗಸರ ಕೈಯಲ್ಲಿತ್ತು. ರಾಜಧಾನಿಗೆ ಹೋದಮೇಲೆ ಕೈತಪ್ಪಿತು. 1995ರಲ್ಲಿ ತಂದ ಪೂರ್ಣ ಪಾನನಿಷೇಧವನ್ನು 1997ರಲ್ಲಿ ಸರ್ಕಾರವೇ ಸಡಿಲಿಸಿತು, ಬೊಕ್ಕಸಕ್ಕೆ ಆದಾಯ ಬೇಕಲ್ಲ! ನಮ್ಮಲ್ಲೂ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಬಾಟಲಿ ಮದ್ಯ ನಿಲ್ಲಲಿಲ್ಲ. ಅದಕ್ಕೇ 2019ರ ಜನವರಿಯಲ್ಲಿ ಹಳ್ಳಿ ಹೆಂಗಸರು ಮದ್ಯನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು.

"ಹಾಗಾದರೆ ವರದಕ್ಷಿಣೆ ವಿರುದ್ಧ ಊರಿಗೆ ಊರೇ ಯಾಕೆ ಏಳಲಿಲ್ಲ?" ಎಂದು ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. 1961ರಿಂದ ಕಾನೂನಿದೆ. ನನಗೆ ತೋಚಿದ್ದು ಇಷ್ಟು: ಸಾರಾಯಿ ಗುತ್ತಿಗೆದಾರ ಹೊರಗಿನವನು, ಅವನ ಅಂಗಡಿ ಊರ ಬಾಗಿಲಲ್ಲಿತ್ತು, ಎಲ್ಲರೂ ಕೂಡಿ ಬೀಗ ಹಾಕಿದರು. ವರದಕ್ಷಿಣೆಯ ಅಂಗಡಿ ನಮ್ಮ ನಡುಮನೆಯಲ್ಲೇ ಇದೆ. ಮಗಳಿಗೆ ಕೊಡುವಾಗ ಅಳುವವಳೂ ನಾನೇ, ಮಗನಿಗೆ ತರುವಾಗ ಎಣಿಸುವವಳೂ ನಾನೇ. ಹೋದ ವರ್ಷ ನಮ್ಮ ಸಂಘದಿಂದ ಒಬ್ಬಳಿಗೆ ಸಾಲ ಕೊಟ್ಟೆವು. ಅಳಿಯನ ಬೈಕಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಪುಸ್ತಕದಲ್ಲಿ 'ಮದುವೆ ಖರ್ಚು' ಎಂದಿದೆ. ಬರೆದವಳು ನಾನು. ನಾಳಿದ್ದು ಸಂಘದ ಸಭೆಯಿದೆ, ಆ ಪುಟವನ್ನು ಅಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕೆಂದಿದ್ದೇನೆ.