ಮಕ್ಕಳ ಬುತ್ತಿ



ಈ ಸಂಜೆ ನಾವು ಮಾತನಾಡಹೊರಟಿರುವ ವಿಷಯ ಬಹಳ ಸಣ್ಣದು. ಒಂದು ಗೇಣಗಲದ ಡಬ್ಬಿಯೊಳಗೆ ಅಡಗುವಷ್ಟೇ ಇದೆ. ಪಾಠಶಾಲೆಗೆ ಹೊರಡುವ ಮಕ್ಕಳ ಕೈಗೆ ಬೆಳಗ್ಗೆ ಕಟ್ಟಿಕೊಡುವ ಬುತ್ತಿಯೇ ಆ ವಿಷಯ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಅಡಿಗೆಮನೆಯ ಮಾತೇಕೆ ಎಂದು ಕೆಲವರು ನಗಬಹುದು. ಆದರೆ ಎಂಟು ಗಂಟೆಗೆ ಮನೆ ಬಿಟ್ಟ ಮಗು ಸಂಜೆ ನಾಲ್ಕಕ್ಕೆ ಹಿಂದಿರುಗುವ ತನಕ ಅದರ ಹಸಿವಿಗೆ ಆ ಡಬ್ಬಿಯೊಂದೇ ಆಧಾರ. ವಾರಕ್ಕೆ ಐದಾರು ದಿನದಂತೆ ಹತ್ತು ಹನ್ನೆರಡು ವರ್ಷ, ಬೆಳೆಯುವ ದೇಹವು ಮಧ್ಯಾಹ್ನದ ಆಹಾರವನ್ನು ಅದರಿಂದಲೇ ಪಡೆಯಬೇಕಾಗಿದೆ. ಹೀಗೆ ಲೆಕ್ಕವಿಟ್ಟು ನೋಡಿದರೆ ವಿಷಯ ಅಷ್ಟೇನೂ ಸಣ್ಣದಲ್ಲ.

ಮೊದಲು ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಅರಿಕೆ ಮಾಡುತ್ತೇವೆ. ಒಮ್ಮೆ ಮಗಳಿಗೆ ಮೂರು ದಿನ ರಾಗಿರೊಟ್ಟಿಯನ್ನು ಕಟ್ಟಿಕೊಟ್ಟಿದ್ದೆವು. ಈರುಳ್ಳಿ, ನುಗ್ಗೆಸೊಪ್ಪು ಸೇರಿಸಿ ತಟ್ಟಿದ ರೊಟ್ಟಿ. ಮನೆಯಲ್ಲಿ ಅವಳು ಇಷ್ಟಪಟ್ಟು ತಿನ್ನುತ್ತಿದ್ದುದೇ. ಮೂರು ದಿನವೂ ಡಬ್ಬಿ ಕಟ್ಟಿದ ಹಾಗೆಯೇ ಹಿಂದಕ್ಕೆ ಬಂದಿತು. “ಯಾಕಮ್ಮ, ರುಚಿಯಾಗಿರಲಿಲ್ಲವೆ?” ಎಂದು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, “ಮುಚ್ಚಳ ತೆಗೆದರೆ ಕರೀ ರೊಟ್ಟಿ ಅಂತ ಎಲ್ಲರೂ ನಗುತ್ತಾರೆ ಅಪ್ಪ, ಅದಕ್ಕೇ ತೆಗೆಯಲಿಲ್ಲ” ಎಂದಳು. ಮೂರು ದಿನ ಮಗು ಹಸಿದುಕೊಂಡೇ ಪಾಠ ಕೇಳಿತ್ತು. ನಾವು ಅಭ್ಯಾಸಬಲದಿಂದ ರಾಗಿಯ ಗುಣಗಳನ್ನು ಕುರಿತು ಒಂದು ಉಪನ್ಯಾಸವನ್ನೇ ಕೊಟ್ಟೆವು. ಅವಳು ಕೊನೆಯವರೆಗೂ ಕೇಳಿ, “ಹಾಗಾದರೆ ನೆಂಟರು ಬಂದಾಗ ನಾವು ಯಾಕೆ ರಾಗಿ ಮಾಡುವುದಿಲ್ಲ?” ಎಂದಳು. ನಮಗೆ ಉತ್ತರ ತೋಚಲಿಲ್ಲ.

ನೆಂಟರು ಬಂದರೆ ಬಿಳಿಯ ಅನ್ನ, ಪೂರಿ. ನಾವು ನಾವೇ ಇದ್ದಾಗ ರಾಗಿ. ಯಾವುದನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂಬ ಪಾಠವನ್ನು ಮಕ್ಕಳು ಶಾಲೆಗೆ ಸೇರುವ ಮೊದಲೇ ಮನೆಯ ಊಟದ ಸಾಲಿನಲ್ಲಿ ಕಲಿತಿರುತ್ತಾರೆ. ಆ ದಿನ ನಕ್ಕ ಮಕ್ಕಳನ್ನು ದೂರಿ ಫಲವಿಲ್ಲ. ಅವರೂ ನಮ್ಮಂಥವರ ಮನೆಯ ಮಕ್ಕಳೇ.

ಹೀಗೆ ಮರೆಮಾಡಿದ ಧಾನ್ಯದ ಸತ್ತ್ವವೇನು? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಉಂಟು. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ. ಎಲುಬು ಹಲ್ಲುಗಳು ಬೆಳೆಯುವ ವಯಸ್ಸಿನಲ್ಲಿ ಇದು ಅಲ್ಪ ಭೇದವಲ್ಲ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಲೋಕವೇ ಮನ್ನಿಸಿದ ಧಾನ್ಯಕ್ಕೆ ನಮ್ಮ ಮಕ್ಕಳ ಡಬ್ಬಿಯಲ್ಲಿ ಮರ್ಯಾದೆ ಇಲ್ಲದೆಹೋಗುವುದು ವಿಷಾದಕರ.

ಆದರೆ ರಾಗಿಯೊಂದೇ ಸಾಲದು. ದೇಹವನ್ನು ಕಟ್ಟುವ ಸಸಾರಜನಕ ಬೇಕು, ಅದು ಕಾಳುಗಳಲ್ಲಿದೆ. ಹೆಸರುಕಾಳು, ಕಡಲೆಕಾಯಿಬೀಜಗಳ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಸಸಾರಜನಕವೇ. ಧಾನ್ಯದ ಸಸಾರಜನಕದಲ್ಲಿರುವ ಕೊರತೆಯನ್ನು ಕಾಳು ತುಂಬುತ್ತದೆ, ಕಾಳಿನ ಕೊರತೆಯನ್ನು ಧಾನ್ಯ ತುಂಬುತ್ತದೆ. ರೊಟ್ಟಿಯೊಡನೆ ಮೊಳಕೆ ಕಟ್ಟಿದ ಹೆಸರುಕಾಳಿನ ಉಸಲಿ, ಚಪಾತಿಯೊಡನೆ ಅವರೆಕಾಳಿನ ಪಲ್ಯ, ಇಡ್ಲಿಯೊಡನೆ ಹುರಿಗಡಲೆಯ ಚಟ್ನಿಪುಡಿ — ಇವು ಈ ಕಾರಣದಿಂದಲೇ ಒಳ್ಳೆಯ ಜೋಡಿಗಳು. ಉಸಲಿಯನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆಹಣ್ಣನ್ನು ಹಿಂಡಬೇಕು. ಕುದಿಯುವಾಗ ಹಿಂಡಿದರೆ ಅದರ ‘ಸಿ’ ಜೀವಸತ್ತ್ವ ಒಂದಿಷ್ಟು ನಷ್ಟವಾಗುತ್ತದೆ. ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳಲು ಈ ಜೀವಸತ್ತ್ವವೇ ಸಹಾಯಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಅರ್ಧ ಹೋಳು ನಿಂಬೆಯ ಮಾತನ್ನು ಇಷ್ಟು ಒತ್ತಿ ಹೇಳುತ್ತಿರುವುದು ಇದರಿಂದಲೇ.

ಬುತ್ತಿಯ ಅಡಿಗೆ ನಾಲ್ಕೈದು ಗಂಟೆ ಕೆಡದೆ ಇರಬೇಕು. ಹಿರಿಯರು ಯಾತ್ರೆಗೆ ಪುಳಿಯೋಗರೆಯನ್ನು ಕಟ್ಟಿಕೊಂಡದ್ದು ಸುಮ್ಮನೆ ಅಲ್ಲ. ಹುಣಿಸೆಯ ಹುಳಿಯಲ್ಲಿ ಸೂಕ್ಷ್ಮಜೀವಿಗಳು ಬೇಗ ಹೆಚ್ಚಲಾರವು. ಮೊಸರನ್ನಕ್ಕೆ ಬೆಳಗ್ಗೆ ಹೊಸದಾಗಿ ಮಾಡಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲನ್ನು ಬೆರೆಸಿ, ಒಂದು ಚಮಚ ಮೊಸರು ಹಾಕಿದರೆ ಮಧ್ಯಾಹ್ನಕ್ಕೆ ಹದವಾಗಿರುತ್ತದೆ. ಹಸಿ ತೆಂಗಿನಕಾಯಿಯ ಚಟ್ನಿ ಸೆಖೆಯಲ್ಲಿ ಬೇಗ ಹಳಸುವುದರಿಂದ ಚಟ್ನಿಪುಡಿಯೇ ಲೇಸು. ಬಿಸಿ ರೊಟ್ಟಿಯನ್ನು ಹಾಗೆಯೇ ಮುಚ್ಚಿದರೆ ಆವಿ ನೀರಾಗಿ ರೊಟ್ಟಿ ಮುದ್ದೆಯಾಗುತ್ತದೆ. ಆರಲು ಬಿಟ್ಟು, ಒಗೆದ ಬಟ್ಟೆಯಲ್ಲಿ ಸುತ್ತಿ ಇಡಬೇಕು. ರಾತ್ರಿಯೆಲ್ಲ ಹೊರಗಿದ್ದ ತಂಗಳನ್ನದಿಂದ ಬೆಳಗ್ಗೆ ಚಿತ್ರಾನ್ನ ಕಲಸಿ ಕೊಡುವ ವಾಡಿಕೆಯನ್ನಂತೂ ಬಿಡಬೇಕು. ಅಂಥ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಸೂಕ್ಷ್ಮಜೀವಿಯ ವಿಷವು ಮತ್ತೆ ಕಾಯಿಸಿದರೂ ಹೋಗುವುದಿಲ್ಲ.

“ಇಷ್ಟನ್ನೆಲ್ಲ ಬೆಳಗಿನ ಗಡಿಬಿಡಿಯಲ್ಲಿ ಮಾಡುವವರು ಯಾರು?” ಎಂದು ಕೇಳುತ್ತಿರುವ ತಾಯಂದಿರ ದನಿ ನಮಗೆ ಇಲ್ಲಿಗೇ ಕೇಳಿಸುತ್ತಿದೆ. ಪ್ರಶ್ನೆ ನ್ಯಾಯವಾದದ್ದು. ಅನೇಕ ಮನೆಗಳಲ್ಲಿ ಆಕೆ ಒಲೆಯ ಮುಂದೆ ನಿಂತಿರುವಾಗ ಯಜಮಾನರು ವೃತ್ತಪತ್ರಿಕೆಯ ಮುಂದೆ ಕುಳಿತಿರುತ್ತಾರೆ. ನಾವೂ ಬಹುಕಾಲ ಹಾಗೆಯೇ ಕುಳಿತಿದ್ದವರು. ಈಗ ಕಾಳು ನೆನೆಹಾಕುವುದು, ಬಸಿದು ಬಟ್ಟೆಯಲ್ಲಿ ಕಟ್ಟುವುದು, ರಾತ್ರಿಯೇ ಸೊಪ್ಪು ಸೋಸಿಡುವುದು ನಮ್ಮ ಪಾಲಿನ ಕೆಲಸ. ಡಬ್ಬಿಯನ್ನು ತೊಳೆದಿಡುವುದು ಮಗಳ ಕೆಲಸ. ಹೀಗೆ ಹಂಚಿಕೊಂಡರೆ ಬೆಳಗ್ಗೆ ಉಳಿಯುವುದು ಅರ್ಧ ಗಂಟೆಯ ಶ್ರಮ.

ಈ ಶ್ರಮವನ್ನು ತಪ್ಪಿಸಿಕೊಳ್ಳಲು ಅಂಗಡಿಯ ಪೊಟ್ಟಣವನ್ನು ಚೀಲಕ್ಕೆ ತುರುಕುವುದು ಸುಲಭ. ಮೇದಸ್ಸು, ಸಕ್ಕರೆ, ಉಪ್ಪು ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಬಾಗಿಲಿನಿಂದ 50 ಮೀಟರಿನೊಳಗಾಗಲಿ ಮಾರಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ನಿಯಮ ಮಾಡಿತು. ಮಾರುವವನನ್ನು ನಿಯಮ ತಡೆಯಬಹುದು. ಅದನ್ನೇ ಮನೆಯಿಂದ ಕಟ್ಟಿ ಕಳುಹಿಸುವ ತಂದೆತಾಯಿಗಳನ್ನು ತಡೆಯುವವರು ಯಾರು? ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಕೊಟ್ಟ ಆಜ್ಞೆಯ ತರುವಾಯ ಸರಕಾರಿ ಶಾಲೆಗಳಲ್ಲಿ ಬಿಸಿಯೂಟ ದೇಶದಲ್ಲೆಲ್ಲ ಹರಡಿತು. ಕರ್ನಾಟಕದಲ್ಲಿ 2013ರಲ್ಲಿ ಅದಕ್ಕೆ ಕ್ಷೀರಭಾಗ್ಯದ ಹಾಲೂ ಸೇರಿತು. ಬಡವರ ಮಗು ಸಾಲಿನಲ್ಲಿ ಕುಳಿತು ಬಿಸಿ ಅನ್ನ ಸಾರು ಉಣ್ಣುತ್ತಿರುವಾಗ, ಹೇರಳವಾಗಿ ಫೀಜು ಕೊಡುವವರ ಮಗು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿದ್ದರೆ, ವಿದ್ಯಾವಂತರೆನಿಸಿಕೊಂಡ ನಾವು ಯೋಚಿಸಬೇಕಾದ ಸಂಗತಿ ಅದು.

ನಮ್ಮ ಮನೆಯ ಕಥೆಯನ್ನು ಮುಗಿಸಬೇಕಷ್ಟೆ. ಮುಂದೆ ಮಿತ್ರರೊಬ್ಬರು ಸಂಸಾರಸಮೇತ ಊಟಕ್ಕೆ ಬಂದಾಗ ರಾಗಿರೊಟ್ಟಿಯನ್ನೇ ಮಾಡಿಸಿದೆವು, ಬಡಿಸಿದವಳು ಮಗಳು. ಅವರು ಎರಡನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡುದನ್ನು ಅವಳು ನೋಡುತ್ತಿದ್ದಳು. ಅದರಿಂದ ಮರುದಿನವೇ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಕೆಲವು ವಾರ ಡಬ್ಬಿ ಅರ್ಧ ಉಳಿದೇ ಬರುತ್ತಿತ್ತು. ಆಮೇಲೊಂದು ದಿನ ಅವಳು ತನ್ನ ತಾಯಿಯ ಹತ್ತಿರ, “ಅಮ್ಮ, ನಾಳೆ ಎರಡು ರೊಟ್ಟಿ ಹೆಚ್ಚಿಗೆ ಇಡು” ಎಂದಳು. ಯಾರಿಗೆಂದು ನಾವು ಕೇಳಲಿಲ್ಲ. ಮಾರನೆಯ ಸಂಜೆ ಡಬ್ಬಿ ಬರಿದಾಗಿ ಬಂದಿತು.

ಶ್ರೋತೃಗಳು ತಮ್ಮ ಮಕ್ಕಳು ಈ ದಿನ ತಂದ ಡಬ್ಬಿಯ ಮುಚ್ಚಳವನ್ನು ಒಮ್ಮೆ ತೆಗೆದು ನೋಡಬೇಕೆಂದು ಪ್ರಾರ್ಥಿಸಿ, ಈ ಭಾಷಣವನ್ನು ಮುಗಿಸುತ್ತೇವೆ.