ಫೈಲು ಎಲ್ಲಿ ನಿಂತಿತು?



ವರ್ಡ್‌ನಲ್ಲಿ ಫೈಲು ತೆರೆಯುವುದಿಲ್ಲ ಎಂಬ ವಿಷಯಕ್ಕೆ ಇಡೀ ದಿನದ ವಿಚಾರ ಸಂಕಿರಣ ಬೇಕೇ ಎಂದು ಆಮಂತ್ರಣ ನೋಡಿದ ಕೆಲವರು ಕೇಳಿದರಂತೆ. ಪ್ರಬಂಧ ಸಲ್ಲಿಸುವ ಕೊನೆಯ ದಿನ, ಮಾರ್ಗದರ್ಶಕರು ತಿದ್ದಿ ಕಳುಹಿಸಿದ ಅಧ್ಯಾಯ ತೆರೆಯದೆ ಪರದಾಡಿದವರು ಈ ಸಭೆಯಲ್ಲೇ ಇದ್ದಾರೆ. ಉತ್ತರವನ್ನು ಅವರೇ ಕೊಡಲಿ.

ಅಂಥ ಹೊತ್ತಿನಲ್ಲಿ ನಮ್ಮ ಮಂಗಳೂರಿನ ಫೋನ್ ಮಾತುಕತೆ ಹೀಗಿರುತ್ತದೆ. “ಸರ್, ನೀವು ಕಳಿಸಿದ್ದು ಓಪನ್ ಆಗ್ತಾ ಇಲ್ಲ.” “ಸ್ಕ್ರೀನಲ್ಲಿ ಎಂತ ಬರ್ತದೆ?” “ಎಂತದೋ ಇಂಗ್ಲಿಷಲ್ಲಿ ಬಂತು ಸರ್. ಓಕೆ ಒತ್ತಿದೆ, ಹೋಯ್ತು.” ತೊಂದರೆ ಏನೆಂದು ಕಂಪ್ಯೂಟರು ಹೇಳಿದ ಒಂದೇ ಮಾತನ್ನು ಓದದೆ ಕಳೆದುಕೊಂಡೆವು. ಇನ್ನು ಉಳಿಯುವುದು ಊಹೆ ಮಾತ್ರ. ವೈರಸ್ ಇರಬಹುದು, ವರ್ಡ್ ತೆಗೆದು ಮತ್ತೆ ಹಾಕಿ, ಅದೂ ಆಗದಿದ್ದರೆ ಫಾರ್ಮ್ಯಾಟ್ ಹೊಡೆಯಿರಿ. ಇಷ್ಟೆಲ್ಲ ಮಾಡಿದ ಮೇಲೂ ಫೈಲು ತೆರೆಯುವುದಿಲ್ಲ, ಮೊದಲಿದ್ದ ‘ನುಡಿ’ ತಂತ್ರಾಂಶದ ಕನ್ನಡ ಫಾಂಟುಗಳೂ ಹೋಗಿರುತ್ತವೆ.

ಈ ದಿನದ ಚರ್ಚೆಗೆ ನಾನು ಮುಂದಿಡುವ ಆಶಯ ಇಷ್ಟು. ಫೈಲನ್ನು ಹೇಗಾದರೂ ತೆರೆಸುವುದಕ್ಕಿಂತ ಮೊದಲು ಅದು ಎಲ್ಲಿ ನಿಂತಿತು ಎಂದು ಗುರುತಿಸೋಣ. ಗುರುತಿಸುತ್ತ ಹೋದಂತೆ, ತೆರೆಯಲಾಗದವರ ಮೇಲೆ ನಾವು ಹೊರಿಸುವ ತಪ್ಪಿನ ದೊಡ್ಡ ಪಾಲು ಕಳುಹಿಸುವವರ ಅಭ್ಯಾಸದಲ್ಲಿದೆ ಎಂಬುದೂ ಗೊತ್ತಾಗುತ್ತದೆ.

ಗುರುತಿಸಲು ಮೂರು ಪ್ರಶ್ನೆ ಸಾಕು. ಇದೇ ಕಂಪ್ಯೂಟರಿನಲ್ಲಿ ಬೇರೆ ಫೈಲು ತೆರೆಯುತ್ತದೆಯೇ? ಇದೇ ಫೈಲು ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ? ಹಂಚಿಕೆಯ ಫೋಲ್ಡರಿನಿಂದ ಡೆಸ್ಕ್‌ಟಾಪಿಗೆ ನಕಲು ಮಾಡಿಕೊಂಡರೆ ತೆರೆಯುತ್ತದೆಯೇ? ಯಾವ ಫೈಲೂ ತೆರೆಯದಿದ್ದರೆ ತೊಂದರೆ ವರ್ಡ್‌ನದು. ಕಂಟ್ರೋಲ್ ಕೀಲಿ ಒತ್ತಿಹಿಡಿದು ವರ್ಡ್ ತೆರೆದರೆ ಅದು ಸೇಫ್ ಮೋಡ್‌ನಲ್ಲಿ, ಆಡ್-ಇನ್‌ಗಳನ್ನು ಬಿಟ್ಟು ಶುರುವಾಗುತ್ತದೆ. ಆಗ ಸರಿಹೋದರೆ ಮೊದಲ ಅನುಮಾನ ಯಾವುದಾದರೂ ಹಳೆಯ ಆಡ್-ಇನ್ ಮೇಲೆ. ಡೆಸ್ಕ್‌ಟಾಪಿನ ನಕಲು ತೆರೆದುಕೊಂಡರೆ ಫೈಲು ಗಟ್ಟಿಯಾಗಿದೆ, ನಡುವಿನ ದಾರಿಯಲ್ಲಿ ತಡೆಯಿದೆ ಎಂದರ್ಥ. ಎಲ್ಲಿಯೂ ತೆರೆಯದಿದ್ದರೆ ಮಾತ್ರ ಫೈಲು ಕೆಟ್ಟಿದೆ ಎನ್ನಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಅದೂ ನಕಲಿನ ಮೇಲೆ. ಈ ಶಿಸ್ತು ಇಲ್ಲದಿದ್ದರೆ ಫೈಲು ತೆರೆದರೂ ಏಕೆ ತೆರೆಯಿತೆಂದು ತಿಳಿಯುವುದಿಲ್ಲ.

ದಾರಿಯ ತಡೆಗಳಲ್ಲಿ ನಮ್ಮ ಮಳೆಗಾಲಕ್ಕೆ ತೀರ ಹತ್ತಿರದ್ದು ಬೀಗದ ತಡೆ. ಹಂಚಿಕೆಯ ಫೋಲ್ಡರಿನಲ್ಲಿ ಒಬ್ಬರು ಫೈಲು ತೆರೆದ ಕೂಡಲೆ ವರ್ಡ್ ಅದರ ಪಕ್ಕದಲ್ಲಿ ಇನ್ನೊಂದು ಪುಟ್ಟ, ಕಣ್ಣಿಗೆ ಕಾಣದ ಫೈಲು ಹುಟ್ಟಿಸುತ್ತದೆ. ಅದರ ಹೆಸರು ಅಲೆಗೆರೆ ಮತ್ತು ಡಾಲರ್ ಚಿಹ್ನೆಯಿಂದ ಶುರುವಾಗುತ್ತದೆ, ಒಳಗೆ ತೆರೆದವರ ಹೆಸರಿರುತ್ತದೆ. ಕೆಲಸ ಮುಗಿಸಿ ಮುಚ್ಚಿದಾಗ ಅದು ತಾನಾಗಿ ಅಳಿಯುತ್ತದೆ. ಗುಡುಗು ಸಿಡಿಲಿಗೆ ಕರೆಂಟು ಹೋಗಿ ಕಂಪ್ಯೂಟರು ಏಕಾಏಕಿ ನಿಂತರೆ ಅದು ಅಳಿಯದೆ ಉಳಿಯುತ್ತದೆ. ಮರುದಿನ ಬಂದವರಿಗೆ ‘ಬೇರೊಬ್ಬರು ಬಳಸುತ್ತಿದ್ದಾರೆ’ ಎಂಬ ಸೂಚನೆ ಬರುತ್ತದೆ, ಆ ಬೇರೊಬ್ಬರು ರಜೆಯಲ್ಲಿ ಊರಿಗೆ ಹೋಗಿರುತ್ತಾರೆ. ಯಾರೂ ನಿಜವಾಗಿ ಬಳಸುತ್ತಿಲ್ಲವೆಂದು ಖಚಿತ ಮಾಡಿಕೊಂಡು ಆ ಪುಟ್ಟ ಫೈಲನ್ನು ಅಳಿಸಿದರೆ ಮುಗಿಯಿತು. ಲಿಬ್ರೆಆಫೀಸ್ ಕೂಡ ಇಂಥದೇ ಬೀಗದ ಫೈಲು ಇಡುತ್ತದೆ.

ಎರಡನೆಯದು ಕಾವಲಿನ ತಡೆ. ಇಮೇಲ್ ಅಥವಾ ಇಂಟರ್‌ನೆಟ್ ಮೂಲಕ ಬಂದ ಫೈಲಿಗೆ ವಿಂಡೋಸ್ ಒಂದು ಗುರುತು ಹಚ್ಚುತ್ತದೆ. ಆಫೀಸ್ 2010ರಿಂದ ವರ್ಡ್ ಅಂಥದ್ದನ್ನು ಪ್ರೊಟೆಕ್ಟೆಡ್ ವ್ಯೂನಲ್ಲಿ ಓದಲಷ್ಟೇ ತೋರಿಸುತ್ತದೆ. ಕೆಲವೊಮ್ಮೆ ಅದೂ ಆಗದೆ ಸೋಲುತ್ತದೆ. ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಿದರೆ ತೆರೆಯುತ್ತದೆ. ಕಳುಹಿಸಿದವರಿಗೆ ಒಂದು ಫೋನು ಮಾಡಿ ಕೇಳಿಕೊಂಡ ಮೇಲೆ ಮಾತ್ರ ಹಾಗೆ ಮಾಡಬೇಕು. ತೊಂದರೆ ತಪ್ಪಿಸಲು ಕಾವಲನ್ನೇ ಪೂರ್ತಿ ತೆಗೆದುಹಾಕುವ ಸಲಹೆ ಕೊಡುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ.

ಮೂರನೆಯದು ಫೈಲೇ ಪೂರ್ತಿ ಬಂದಿರದ ಸಂದರ್ಭ. ನಗರದ ಹಂಪನಕಟ್ಟೆಯ ಸುತ್ತಮುತ್ತ ಕೆಲಸ ಮಾಡುವ ಅನುಭವಿ ಆಪರೇಟರುಗಳ ಕೈಚಳಕ ಇಲ್ಲಿ ನೋಡುವಂಥದ್ದು. ಅವರು ಮೊದಲು ಫೈಲಿನ ಗಾತ್ರ ನೋಡುತ್ತಾರೆ. ಸೊನ್ನೆ ಕೆಬಿ ಇದ್ದರೆ ಮತ್ತೆ ಕಳುಹಿಸಲು ಹೇಳುತ್ತಾರೆ. ಗಾತ್ರ ಇದ್ದರೆ ನಕಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತಾರೆ. ವರ್ಡ್ 2007ರಿಂದ ಬಂದ ಡಾಕ್ಸ್ ರೂಪದ ಫೈಲು ನಿಜವಾಗಿ ಒಂದು ಜಿಪ್ ಕಟ್ಟು. ಹಾಗಾಗಿ ನೋಟ್‌ಪ್ಯಾಡ್‌ನಲ್ಲಿ ಕಾಣುವ ಮೊದಲ ಎರಡು ಇಂಗ್ಲಿಷ್ ಅಕ್ಷರ ಪಿ ಮತ್ತು ಕೆ, ಜಿಪ್ ವಿಧಾನ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನವು. ಅಲ್ಲಿ ವೆಬ್ ಪುಟದ ಸಂಕೇತ ಕಂಡರೆ ನಾವು ಡೌನ್‌ಲೋಡ್ ಮಾಡಿದ್ದು ಅಧ್ಯಾಯವನ್ನಲ್ಲ, ಲಾಗಿನ್ ಪುಟವನ್ನು. ಲಿಂಕು ಕೊಟ್ಟವರು ಅನುಮತಿ ಕೊಟ್ಟಿಲ್ಲ ಎಂದರ್ಥ. ಪಿಕೆ ಇದ್ದೂ ತೆರೆಯದಿದ್ದರೆ ವರ್ಡ್‌ನ ‘ಓಪನ್ ಅಂಡ್ ರಿಪೇರ್’ ಪ್ರಯತ್ನಿಸಬಹುದು. ಅದೂ ಸೋತರೆ ನಕಲಿನ ಹೆಸರಿನ ಕೊನೆಗೆ ಜಿಪ್ ಎಂದು ಬದಲಿಸಿ ಕಟ್ಟು ಬಿಚ್ಚಬೇಕು. ಒಳಗೆ ವರ್ಡ್ ಎಂಬ ಫೋಲ್ಡರು, ಅದರಲ್ಲಿ ಡಾಕ್ಯುಮೆಂಟ್ ಎಂಬ ಎಕ್ಸ್‌ಎಂಎಲ್ ಫೈಲು. ಮುಖ್ಯ ಬರಹವೆಲ್ಲ ಅಲ್ಲಿರುತ್ತದೆ, ಚಿತ್ರಗಳು ಪಕ್ಕದ ಮೀಡಿಯಾ ಫೋಲ್ಡರಿನಲ್ಲಿ. ಕಟ್ಟು ಬಿಚ್ಚಿಕೊಂಡರೆ, ಪುಟವಿನ್ಯಾಸ ಹೋದರೂ ಬರಹ ಕೈಗೆ ಬರುತ್ತದೆ. ಪಾಸ್‌ವರ್ಡ್ ಹಾಕಿದ ಫೈಲಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ.

ಫೈಲಿನ ಹೆಸರಿನ ವಿಚಾರವನ್ನೂ ಹೇಳಬೇಕು. ‘ಮಂಗಳೂರು’ ಎಂಬುದು ಅಕ್ಷರಗಳ ಜಾಗತಿಕ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ 7 ಸಂಕೇತ. ಅದೇ ಹೆಸರು ವೆಬ್ ವಿಳಾಸದೊಳಗೆ ಹೋದಾಗ ಒಂದೊಂದು ಸಂಕೇತವೂ 9 ಚಿಹ್ನೆಗಳಾಗಿ ಹಿಗ್ಗಿ ಒಟ್ಟು 63 ಆಗುತ್ತದೆ. ಫೋಲ್ಡರಿನೊಳಗೆ ಫೋಲ್ಡರು ಇಟ್ಟು ‘ಅಂತಿಮ’, ‘ಅಂತಿಮ ತಿದ್ದಿದ್ದು’, ‘ಇದೇ ಅಂತಿಮ’ ಎಂದು ಹೆಸರು ಬೆಳೆಸಿದರೆ ವಿಳಾಸ ಉದ್ದವಾಗಿ ಪ್ರೋಗ್ರಾಮು ಮುಗ್ಗರಿಸಬಹುದು. ನಮ್ಮ ಕಂಪ್ಯೂಟರಿನೊಳಗೂ ವಿಂಡೋಸ್ ಬಹುಕಾಲ ಪಾಲಿಸಿಕೊಂಡು ಬಂದ ಮಿತಿ 260 ಅಕ್ಷರಗಳದು. ಹೆಸರು ಕನ್ನಡದಲ್ಲೇ ಇರಲಿ, ಚಿಕ್ಕದಾಗಿರಲಿ.

ಈಗ ಕನ್ನಡಿಗರಿಗೇ ವಿಶೇಷವಾದ ಕಷ್ಟಕ್ಕೆ ಬರುತ್ತೇನೆ. ಫೈಲು ತೆರೆಯುತ್ತದೆ, ಅಕ್ಷರ ತೆರೆಯುವುದಿಲ್ಲ. ಪುಟದ ತುಂಬ ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳು. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರವನ್ನು ಆಕಾರದ ತುಂಡುಗಳಾಗಿ ಒಡೆದು, ಆ ತುಂಡುಗಳನ್ನು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿತ್ತು. ಅಲ್ಲಿ ‘ವ’ ಬರೆಯಲು ಎರಡು ತುಂಡು, ಅದಕ್ಕೊಂದು ಕೊಂಬು ಸೇರಿಸಿದರೆ ‘ಮ’. ‘ಮಂಗಳೂರು’ ಬರೆಯಲು 12 ತುಂಡು ಬೇಕು. ಫಾಂಟು ಇರುವ ಕಂಪ್ಯೂಟರಿನಲ್ಲಿ ಅದು ಮಂಗಳೂರಾಗಿ ಕಾಣುತ್ತದೆ, ಇಲ್ಲದ ಕಡೆ ಗೊಂದಲ. ಹುಡುಕು ಎಂದು ಯೂನಿಕೋಡಿನಲ್ಲಿ ಟೈಪು ಮಾಡಿದರೆ ಆ ಏಳು ಸಂಕೇತ ಈ ಹನ್ನೆರಡು ತುಂಡನ್ನು ಗುರುತಿಸುವುದಿಲ್ಲ. ಶ್ರೀಲಿಪಿ, ಆಕೃತಿ ಮೊದಲಾದ ಬೇರೆ ತಂತ್ರಾಂಶಗಳಲ್ಲಿ ತುಂಡುಗಳ ಲೆಕ್ಕವೇ ಬೇರೆ.

ಈ ಊರಿಗೆ ಇಂಥ ಕಷ್ಟ ಹೊಸತಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಇಲ್ಲಿ ಹೊರತಂದದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಅಚ್ಚುಮೊಳೆಯ ಮುದ್ರಣ ಅಲ್ಲಿತ್ತು. ಬರಹ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಇದ್ದರೆ ಬರಹವೇ ಪ್ರಯಾಣ ಮಾಡಬೇಕಾಗುತ್ತದೆ. ಪೆನ್‌ಡ್ರೈವ್ ಹಿಡಿದುಕೊಂಡು ನುಡಿ ಇರುವ ಅಂಗಡಿ ಹುಡುಕುವ ವಿದ್ಯಾರ್ಥಿ ಮಾಡುತ್ತಿರುವುದೂ ಅದನ್ನೇ.

ನಾನು ‘ನುಡಿ’ ತಂತ್ರಾಂಶವನ್ನಾಗಲಿ ‘ಬರಹ’ ತಂತ್ರಾಂಶವನ್ನಾಗಲಿ ದೂರುತ್ತಿಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತಾದರೂ ವಿಂಡೋಸ್‌ನಲ್ಲಿ ಕನ್ನಡ ಸರಿಯಾಗಿ ಮೂಡಲು 2001ರ ಎಕ್ಸ್‌ಪಿ ಬರಬೇಕಾಯಿತು. ನಡುವಿನ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡದ ಕೆಲಸ ನಿಲ್ಲದಂತೆ ನೋಡಿಕೊಂಡದ್ದು ಇಂಥ ತಂತ್ರಾಂಶಗಳೇ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳನ್ನು ತಲುಪಿತು. ಮುದ್ರಣಾಲಯಗಳು ಪೇಜ್‌ಮೇಕರ್ ಹಿಡಿದುಕೊಂಡಿದ್ದವು. ಅದರ ಕೊನೆಯ ಆವೃತ್ತಿಗೂ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಹಳೆಯ ಫಾಂಟೂ ಉಳಿಯಿತು. ಈಗ ಆ ಅನಿವಾರ್ಯತೆ ಇಲ್ಲ. ನುಡಿಯ ಕೀಲಿಮಣೆಗೆ ಆಧಾರವಾದ ವಿನ್ಯಾಸ ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರದು. ಅದೇ ವಿನ್ಯಾಸದಲ್ಲಿ ಯೂನಿಕೋಡನ್ನೂ ಟೈಪು ಮಾಡಬಹುದು. ಬೆರಳು ಮೊದಲಿನಂತೆಯೇ ಓಡುತ್ತದೆ, ಒಳಗೆ ಉಳಿಯುವ ಸಂಕೇತ ಮಾತ್ರ ಬೇರೆ. ‘ಅಭ್ಯಾಸ ಬದಲಿಸಲಾರೆ’ ಎನ್ನುವ ಆಪರೇಟರಿಗೆ ನಾವು ಮೊದಲು ಹೇಳಬೇಕಾದದ್ದು ಇದನ್ನು.

ಯೂನಿಕೋಡಿಗೆ ಬಂದರೆ ಎಲ್ಲ ಮುಗಿಯಿತು ಎಂದೂ ಅಲ್ಲ. ತುಂಗಾ ಫಾಂಟಿನಲ್ಲಿ ಪುಟ ಕಟ್ಟಿದ ಪ್ರಬಂಧ, ಆ ಫಾಂಟು ಸೇರಿಸಿಕೊಳ್ಳದ ವಿಂಡೋಸ್ 10ರಲ್ಲಿ ಬೇರೆ ಫಾಂಟಿಗೆ ಜಾರುತ್ತದೆ. ಓದಲು ಅಡ್ಡಿಯಿಲ್ಲ, ಪುಟಸಂಖ್ಯೆ ಮಾತ್ರ ಪರಿವಿಡಿಗೆ ತಾಳೆಯಾಗುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16.0 ತುಳು-ತಿಗಳಾರಿ ಲಿಪಿಯನ್ನು ಸೇರಿಸಿಕೊಂಡಿತು. ಆ ಲಿಪಿಯ ಫೈಲುಗಳು ಇನ್ನು ನಮ್ಮ ನಡುವೆ ಓಡಾಡುತ್ತವೆ, ಫಾಂಟು ಇಲ್ಲದ ಕಡೆ ಖಾಲಿ ಚೌಕಗಳಾಗಿ ಕಾಣುತ್ತವೆ. ನುಡಿಯ ಕಾಲದ ತಪ್ಪನ್ನು ಇಲ್ಲಿ ಮರುಕಳಿಸದಿರುವುದು ನಮ್ಮ ಕೈಯಲ್ಲಿದೆ. ಆಕಾರಕ್ಕಾಗಿ ತಾತ್ಕಾಲಿಕ ಫಾಂಟಿನ ಮೊರೆ ಹೋಗದೆ ಮೊದಲ ದಿನದಿಂದಲೇ ಯೂನಿಕೋಡ್ ಸಂಕೇತದಲ್ಲಿ ಬರೆಯೋಣ.

ಗೋಷ್ಠಿಗಳ ಮುಂದೆ ನಾನಿಡುವ ಕೆಲಸ ಮೂರು. ಮೊದಲನೆಯದು, ಕಳುಹಿಸುವವರ ನಿಯಮ. ತಿದ್ದಲು ಕಳುಹಿಸುವುದಾದರೆ ಯೂನಿಕೋಡಿನಲ್ಲಿ ಬರೆದ ಡಾಕ್ಸ್ ಅಥವಾ ಓಡಿಟಿ, ಹೇಗೆ ಕಾಣಬೇಕೆಂದು ತೋರಿಸಲು ಜೊತೆಗೊಂದು ಪಿಡಿಎಫ್, ಲಿಂಕು ಕೊಟ್ಟರೆ ಅನುಮತಿಯೂ ಸೇರಿ. ಎರಡನೆಯದು, ಹಳೆಯ ನುಡಿ ಫೈಲುಗಳ ಪರಿವರ್ತನೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಒತ್ತಕ್ಷರ, ಅಂಕಿ, ನಡುವೆ ಬರುವ ಇಂಗ್ಲಿಷ್ ಪದಗಳಲ್ಲಿ ಎಡವುತ್ತವೆ. ಕರಡು ತಿದ್ದುವ ಕಣ್ಣು ಬೇಕು, ಆ ಶ್ರಮಕ್ಕೆ ಸಂಭಾವನೆಯೂ ಬೇಕು. ಇದನ್ನು ಯಾರು, ಯಾವ ಕ್ರಮದಲ್ಲಿ ಮಾಡಬೇಕೆಂದು ಮಧ್ಯಾಹ್ನದ ಗೋಷ್ಠಿ ತೀರ್ಮಾನಿಸಲಿ. ಮೂರನೆಯದು, ತರಗತಿಯ ಪಾಠ. ಕನ್ನಡ ಎಂ.ಎ. ವಿದ್ಯಾರ್ಥಿಗೆ ಹಸ್ತಪ್ರತಿಯ ಪಾಠಾಂತರ ಗುರುತಿಸಲು ಕಲಿಸುತ್ತೇವೆ. ತನ್ನ ಪ್ರಬಂಧದ ಫೈಲು ಎಲ್ಲಿ ನಿಂತಿತೆಂದು ಗುರುತಿಸುವುದನ್ನೂ ಅಷ್ಟೇ ಗೌರವದಿಂದ ಕಲಿಸಬೇಕು.

ಸಂಜೆ ಸಮಾರೋಪದ ಹೊತ್ತಿಗೆ ಒಂದು ಪುಟದ ಕಳುಹಿಸುವವರ ನಿಯಮಾವಳಿ ಸಿದ್ಧವಾಗಲಿ. ನಿಮ್ಮ ನಿಮ್ಮ ವಿಭಾಗ, ಕಚೇರಿ, ಅಂಗಡಿಗಳ ಗೋಡೆಯ ಮೇಲೆ ನಾಳೆಯೇ ಅದನ್ನು ಅಂಟಿಸಿ.