ಯಂತ್ರದ ಓದು, ಲೇಖಕನ ಹಕ್ಕು



ಲೇಖಕರನ್ನು ಕೇಳದೆ ಅವರ ಪುಸ್ತಕಗಳಿಂದ ಕೃತಕ ಬುದ್ಧಿಮತ್ತೆಗೆ ತರಬೇತಿ ಕೊಡಬಹುದೇ? ಅಮೆರಿಕದ ಮೂವರು ಲೇಖಕರು ಆಂಥ್ರೊಪಿಕ್ ಎಂಬ ಎಐ ಕಂಪನಿಯ ಮೇಲೆ ಹೂಡಿದ ದಾವೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಇದಕ್ಕೆ ಎರಡು ಭಾಗದ ಉತ್ತರ ಕೊಟ್ಟರು. ಕಂಪನಿ ಮುದ್ರಿತ ಪುಸ್ತಕಗಳನ್ನು ರಾಶಿಗಟ್ಟಲೆ ಕೊಂಡು, ಬೈಂಡು ಕತ್ತರಿಸಿ, ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡಿ, ಮೂಲ ಪ್ರತಿಗಳನ್ನು ಬಿಸಾಡಿತ್ತು. ಅದು ತಪ್ಪಲ್ಲ, ತರಬೇತಿಯೂ ತಪ್ಪಲ್ಲ ಎಂದರು. ಆದರೆ ಕಳ್ಳಪ್ರತಿಗಳ ತಾಣಗಳಿಂದ 70 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಇಳಿಸಿಕೊಂಡು ಭಂಡಾರ ಕಟ್ಟಿದ್ದಕ್ಕೆ ಕಾನೂನಿನ ರಕ್ಷಣೆ ಸಿಗಲಿಲ್ಲ. ಕಂಪನಿ 150 ಕೋಟಿ ಡಾಲರಿಗೆ ರಾಜಿಯಾಯಿತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್.

ಆದರೆ ಈ ಹಣ ಸಿಗಬೇಕಾದರೆ ಪುಸ್ತಕ ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ಕಾಲಮಿತಿಯೊಳಗೆ ನೋಂದಣಿಯಾಗಿರಬೇಕಿತ್ತು. ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾದ ಕಾದಂಬರಿಯನ್ನು ಅಲ್ಲಿಗೆ ಒಯ್ದು ನೋಂದಾಯಿಸುವವರು ಯಾರು? ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ, ಬರೆದಾಗಲೇ ಹಕ್ಕು ಹುಟ್ಟುತ್ತದೆ. ನಮ್ಮ ಲೇಖಕರಿಗೆ ನ್ಯಾಯ ಸಿಗಬೇಕಾದದ್ದು ಇಲ್ಲಿನ ಕಾನೂನಿನಿಂದಲೇ.

ಎಎನ್‌ಐ ಸುದ್ದಿಸಂಸ್ಥೆ ತರಬೇತಿಯ ಈ ಪ್ರಶ್ನೆಯನ್ನೇ ಎತ್ತಿ ಓಪನ್‌ಎಐ ವಿರುದ್ಧ 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಕಾಯ್ದೆಯ 52ನೇ ಕಲಮು ಖಾಸಗಿ ಓದು, ಸಂಶೋಧನೆ, ವಿಮರ್ಶೆ, ವರದಿಗಾರಿಕೆಗಳಿಗೆ ವಿನಾಯಿತಿ ಕೊಡುತ್ತದೆ. ಲಾಭಕ್ಕಾಗಿ ಕಟ್ಟುವ ಯಂತ್ರದ ತರಬೇತಿ ಇವುಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. 2025ರ ಡಿಸೆಂಬರ್‌ನಲ್ಲಿ ಕೇಂದ್ರದ ಸಮಿತಿಯೊಂದು ಬೇರೆ ದಾರಿ ಸೂಚಿಸಿತು: ಕಂಪನಿಗಳು ಅನುಮತಿ ಕೇಳಬೇಕಿಲ್ಲ, ಆದರೆ ಗೌರವಧನ ಕೊಡಲೇಬೇಕು. ಬೇಡವೆನ್ನುವ ಅಧಿಕಾರ ಲೇಖಕನಿಗೆ ಉಳಿಯುವುದಿಲ್ಲವೆಂಬುದು ನನಗೆ ನೋವಿನ ಸಂಗತಿ. ಹಾಗಿದ್ದೂ ನಾನು ಇದನ್ನು ತಳ್ಳಿಹಾಕಲಾರೆ. ಯಂತ್ರಗಳು ಕನ್ನಡವನ್ನು ಚೆನ್ನಾಗಿ ಕಲಿಯಬೇಕು, ಇಲ್ಲವಾದರೆ ನಮ್ಮ ಮಕ್ಕಳು ಅವುಗಳೊಂದಿಗೆ ಇಂಗ್ಲಿಷಿನಲ್ಲೇ ವ್ಯವಹರಿಸುತ್ತಾರೆ.

ಹಣ ಬಂದರೆ ಅದನ್ನು ಪಡೆಯುವವರು ಯಾರು? ನಮ್ಮಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನಲ್ಲೇ ಅಚ್ಚಾಗುತ್ತವೆ, ಲೇಖಕನಿಗೆ ಒಂದಿಷ್ಟು ಗೌರವ ಪ್ರತಿ ಸಿಗುತ್ತದೆ. ಬರಹದಲ್ಲಿ ಸಹಿಯಾಗದಿದ್ದರೆ ಹಕ್ಕು ವರ್ಗಾವಣೆಯೇ ಆಗುವುದಿಲ್ಲ ಎನ್ನುತ್ತದೆ 19ನೇ ಕಲಮು. ಸಹಿಯಾಗಿ ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಇನ್ನೂ ಮುಖ್ಯವಾದದ್ದು 2012ರ ತಿದ್ದುಪಡಿ: ಒಪ್ಪಂದದ ಕಾಲಕ್ಕೆ ಇಲ್ಲದಿದ್ದ ಅಥವಾ ವಾಣಿಜ್ಯ ಬಳಕೆಗೆ ಬಂದಿರದ ಮಾಧ್ಯಮಕ್ಕೆ, ಸ್ಪಷ್ಟವಾಗಿ ಹೆಸರಿಸದ ಹೊರತು, ಆ ವರ್ಗಾವಣೆ ಅನ್ವಯಿಸದು. 2013ರಲ್ಲಿ ಮುದ್ರಣಕ್ಕೆಂದು ಸಹಿ ಹಾಕಿಸಿಕೊಂಡ ಪ್ರಕಾಶಕರು ಇವತ್ತು ಆ ಪುಸ್ತಕವನ್ನು ಎಐ ತರಬೇತಿಗೆ ಮಾರಲು ಹೊರಟರೆ ಲೇಖಕ ಈ ಮಾತನ್ನು ಮುಂದಿಡಬಹುದು.

ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿ, 2009ರಲ್ಲಿ ಅವರ ಉಯಿಲನ್ನು ಓದಿ ತೀರ್ಮಾನವಾಯಿತು. ಉಯಿಲೂ ಇಲ್ಲದೆ ಹೋದ ಲೇಖಕರ ಮಕ್ಕಳು, ಮೊಮ್ಮಕ್ಕಳು ಊರೂರಿಗೆ ಹಂಚಿಹೋಗಿದ್ದಾರೆ. ಅವರ ಪಟ್ಟಿಯನ್ನು ಪ್ರಕಾಶಕರೂ ಕನ್ನಡ ಸಾಹಿತ್ಯ ಪರಿಷತ್ತೂ ಈಗಲೇ ಮಾಡಲಿ. ಬರೆಯುತ್ತಿರುವವರು ಮುಂದಿನ ಒಪ್ಪಂದದಲ್ಲಿ ಅವಧಿಯನ್ನೂ, ಯಂತ್ರ ತರಬೇತಿಗೆ ಒಪ್ಪಿಗೆ ಇದೆಯೋ ಇಲ್ಲವೋ ಎಂಬುದನ್ನೂ, ಬಂದ ಹಣದಲ್ಲಿ ತಮ್ಮ ಪಾಲನ್ನೂ ಬರೆಸಿಯೇ ಸಹಿ ಹಾಕಲಿ.